ಏಳನೇ ಬಾಗಿಲ ಹುಲಿ

ನನ್ನ ಮದುವೆ ಗೊತ್ತಾದ ದಿನ ನಾನು ಮೊದಲು ಯೋಚಿಸಿದ್ದು ಹುಲಿಯ ಬಗ್ಗೆ. ಗಂಡಿನ ಬಗ್ಗೆ ಆಮೇಲೆ ಯೋಚಿಸಿದೆ. ಗಂಡು ಗೆಟ್ಟವಾಡಿಯ ಗುರುಮೂರ್ತಿ. ಎಲೆಕೋಸು ಬೆಳೆಯುತ್ತಾನೆ, ಮಾತು ಕಮ್ಮಿ, ನೋಡಲು ಅಡ್ಡಿಯಿಲ್ಲ. ಅವನ ವಿಷಯದಲ್ಲಿ ಅವಸರವೇನೂ ಇರಲಿಲ್ಲ, ಮದುವೆಯಾದ ಮೇಲೆ ಜೀವಮಾನವಿಡೀ ಯೋಚಿಸಬಹುದು. ಹುಲಿಯದು ಹಾಗಲ್ಲ. ಅದು ನಮ್ಮ ಮನೆಯ ಕಂಪ್ಯೂಟರಿನಲ್ಲಿ, ಒಂದು ಆಟದ ಏಳನೇ ಬಾಗಿಲಲ್ಲಿ ಕೂತಿತ್ತು. ಕಂಪ್ಯೂಟರ್ ನನ್ನ ಜೊತೆ ಗೆಟ್ಟವಾಡಿಗೆ ಬರುವಂತಿರಲಿಲ್ಲ.

ಹೆಣ್ಣು ನೋಡಲು ಬಂದ ದಿನ ಅವರ ಕಡೆಯ ಹಿರಿಯರೊಬ್ಬರು, "ನೀನೂ ಏನಾರ ಕೇಳದಿದ್ರ ಕೇಳವ್ವ," ಎಂದರು. ಇದು ಮರ್ಯಾದೆಗೆ ಆಡುವ ಮಾತು. ಹುಡುಗಿಯಾದವಳು ತಲೆ ತಗ್ಗಿಸಿ ಏನೂ ಇಲ್ಲ ಎನ್ನಬೇಕು. ನಾನು, "ನಿಮ್ಮನಲಿ ಕಂಪ್ಯೂಟರ್ ಅದಾ?" ಎಂದು ಕೇಳಿದೆ.

ಗುರುಮೂರ್ತಿ ನನ್ನ ಕಡೆ ತಿರುಗಿದ.

"ಇಲ್ಲ," ಎಂದ. "ಟ್ರಾಕ್ಟರ್ ಅದ."

ಅಪ್ಪನಿಗೆ ಈ ಉತ್ತರ ಬಹಳ ಹಿಡಿಸಿತು. ಅವತ್ತೇ ಎಲೆ ಅಡಿಕೆ ಬದಲಾಯಿಸಿದರು.

ನಮ್ಮ ಕಂಪ್ಯೂಟರ್ ಹೊಸದೇನಲ್ಲ. ಚಾಮರಾಜನಗರದಲ್ಲಿ ಟೈಪಿಂಗ್ ಅಂಗಡಿ ಇಟ್ಟಿದ್ದ ನನ್ನ ಸೋದರಮಾವ ಹೊಸದು ಕೊಂಡಾಗ ಹಳೆಯದನ್ನು ನಮ್ಮ ಮನೆಗೆ ದಾಟಿಸಿದ್ದ. ನಾನಾಗ ತಾಳವಾಡಿಯಲ್ಲಿ ಹತ್ತನೇ ಕ್ಲಾಸು ಮುಗಿಸಿದ್ದೆ. ನನ್ನ ಓದಿಗೆ ಅನುಕೂಲವಾಗುತ್ತದೆ ಎಂದು ಅಪ್ಪ ನಂಬಿದ. ಅದರೊಳಗೆ ಓದಿಗೆ ಸಂಬಂಧಪಟ್ಟದ್ದು ಏನೂ ಇರಲಿಲ್ಲ. ಯಾರ್ಯಾರದೋ ಮದುವೆಯ ಕರೆಯೋಲೆಗಳಿದ್ದವು, ಜೊತೆಗೆ ಈ ಆಟವಿತ್ತು. ಯಾರು ಹಾಕಿದ್ದೆಂದು ಮಾವನಿಗೂ ಗೊತ್ತಿಲ್ಲ. ಅದರ ಇಂಗ್ಲಿಷ್ ಹೆಸರು ಒಂದು ಮೊಳ ಉದ್ದವಿತ್ತು. ನಮ್ಮ ಮನೆಯಲ್ಲಿ ಅದಕ್ಕೆ ಕತ್ತಿ ಆಟ ಎಂದೇ ಹೆಸರು.

ಆಟದಲ್ಲಿ ಮೊದಲು ನಮಗೆ ಬೇಕಾದ ಒಬ್ಬ ವೀರನನ್ನೋ ವೀರೆಯನ್ನೋ ಮಾಡಿಕೊಂಡು ಹೆಸರಿಡಬೇಕು. ಹೆಸರಿಗೆ ಎಂಟು ಇಂಗ್ಲಿಷ್ ಅಕ್ಷರಗಳ ಜಾಗ. ಲೋಕೇಶ್ವರಿ ಎಂಬ ನನ್ನ ಹೆಸರು ಅದರಲ್ಲಿ ಹಿಡಿಸದೆ ಲೋಕೇಶ್ವ ಎಂಬಲ್ಲಿಗೆ ನಿಂತಿತು. ಹಾಗಾಗಿ ಆ ರಾಜ್ಯದಲ್ಲಿ ಎಲ್ಲರೂ ನನ್ನನ್ನು ಲೋಕೇಶ್ವ ಎಂದರು, ನಾನೂ ಓಗೊಟ್ಟೆ. ಲೋಕೇಶ್ವ ಒಂದು ಮೊಂಡು ಚೂರಿ ಹಿಡಿದು ತನ್ನ ಹಳ್ಳಿ ಬಿಟ್ಟು ಹೊರಡುತ್ತಾಳೆ. ಊರೂರು ಅಲೆದು, ಕಂಡವರನ್ನೆಲ್ಲ ಮಾತಾಡಿಸಿ, ಅಡ್ಡ ಬಂದವರ ಜೊತೆ ಬಡಿದಾಡಿ, ನಿಧಾನವಾಗಿ ಬಲ ಬೆಳೆಸಿಕೊಂಡು, ಕೊನೆಗೆ ಏಳು ಬಾಗಿಲಿನ ಕೋಟೆಯೊಳಗಿರುವ ಕೇಡಿಗ ದೊರೆಯನ್ನು ಕೊಲ್ಲಬೇಕು. ಹೇಳಿದರೆ ಇಷ್ಟೇ, ಆಡಿದರೆ ತಿಂಗಳುಗಟ್ಟಲೆ. ಆಟ ಎಲ್ಲಿಗೆ ಬಂತೋ ಅಲ್ಲಿಗೆ ಉಳಿಸಿಟ್ಟು ಮಾರನೇ ದಿನ ಮುಂದುವರಿಸಬಹುದು. ಆದರೆ ಬಡಿದಾಟದ ನಡುವೆ ಉಳಿಸುವಂತಿಲ್ಲ, ನಿಲ್ಲಿಸುವಂತಿಲ್ಲ. ಎದ್ದು ಹೋದರೆ ಲೋಕೇಶ್ವ ಸತ್ತಳೆಂದೇ ತಿಳಿಯಬೇಕು.

ನಮ್ಮ ಮನೆಯಲ್ಲಿ ಎದ್ದು ಹೋಗದೆ ಇರುವುದು ಸಾಧ್ಯವಿರಲಿಲ್ಲ. ಅವ್ವ ಕರೆಯುತ್ತಿದ್ದಳು. ನೀರಿಗೆ, ಒಲೆಗೆ, ಹಸುವಿಗೆ, ಬಂದವರಿಗೆ ಕಾಫಿ ಕಾಸಲು, ಹೋಗುವವರಿಗೆ ಕುಂಕುಮ ಕೊಡಲು. "ಲೋಕೇಸೀ" ಎಂದು ಒಂದೇ ಸಲ. ಅವ್ವನಿಗೆ ಎರಡನೇ ಸಲ ಕರೆದು ಅಭ್ಯಾಸವಿಲ್ಲ. ಲೋಕೇಶ್ವ ರಾಕ್ಷಸರ ಕೈಯಲ್ಲಿ ಸತ್ತದ್ದು ಕಮ್ಮಿ, ಅವ್ವನ ಕೂಗಿಗೆ ಸತ್ತದ್ದೇ ಹೆಚ್ಚು.

ಮೊದಲ ಸಲ ಆಟ ಎರಡನೇ ಬಾಗಿಲಿಗೆ ಬಂದಿದ್ದಾಗ ಹಾಸನೂರಿನ ಚಿಕ್ಕಮ್ಮನಿಗೆ ಹೆರಿಗೆಯಾಯಿತು. ಬಾಣಂತಿಯ ಕೈಗೊಬ್ಬರು ಬೇಕೆಂದು ನನ್ನನ್ನು ಕಳಿಸಿದರು. ಮಗು ಬೋರಲು ಬೀಳುವವರೆಗೆ ಅಲ್ಲಿದ್ದು ಬಂದೆ. ಬಂದು ನೋಡಿದರೆ ಆಟದಲ್ಲಿ ಯಾರು ಯಾರೆಂದೇ ಮರೆತುಹೋಗಿತ್ತು. ಯಾವನೋ ಗಡ್ಡದವನು ಬಂದು, ನೀನು ಕೊಟ್ಟ ಮಾತು ಏನಾಯಿತು ಎಂದು ಕೇಳಿದ. ಯಾವ ಮಾತು ಕೊಟ್ಟಿದ್ದೆನೋ ನನಗೇನು ಗೊತ್ತು. ಬಿಟ್ಟುಬಿಟ್ಟೆ.

ಎರಡನೇ ಸಲ ಮೌಸಿನ ವೈರನ್ನು ಇಲಿ ಕಡಿಯಿತು. ಇಂಗ್ಲಿಷ್ ಬಲ್ಲವರಿಗೆ ಇದನ್ನು ಹೇಳಿದರೆ ನಗುತ್ತಾರೆ. ನನಗೆ ನಗು ಬಂದಿರಲಿಲ್ಲ. ಹೊಸದು ಬರುವಷ್ಟರಲ್ಲಿ ನಾನು ಸತ್ಯಮಂಗಲದ ಕಾಲೇಜು ಸೇರಿ ಹಾಸ್ಟೆಲಿಗೆ ಹೋಗಿದ್ದೆ. ಮೂರನೇ ಸಲ, ಕಾಲೇಜಿನ ರಜದಲ್ಲಿ, ಐದನೇ ಬಾಗಿಲು ದಾಟಿದ್ದೆ. ದಿಂಬಂ ಘಾಟಿಯ ತಿರುವುಗಳಲ್ಲಿ ಬಸ್ಸಿನ ಸರಳು ಹಿಡಿದು ನಿಂತಾಗಲೂ ಆರನೇ ಬಾಗಿಲಿನದೇ ಯೋಚನೆ. ಮನೆಗೆ ಬಂದು ತೆರೆದರೆ ನನ್ನ ಆಟವೇ ಇಲ್ಲ. ಅತ್ತೆಯ ಮಗ ನಂಜ ಬಂದಿದ್ದಾಗ ತಾನೂ ಒಂದು ಕೈ ನೋಡೋಣವೆಂದು ಆಡಿ, ನನ್ನದರ ಮೇಲೆಯೇ ತನ್ನದನ್ನು ಉಳಿಸಿ ಹೋಗಿದ್ದ. ಅವನ ವೀರ ಊರ ಬಾಗಿಲಲ್ಲೇ ನಾಯಿ ಕಚ್ಚಿ ಸತ್ತುಬಿದ್ದಿದ್ದ. ನಂಜನ ಜೊತೆ ನಾನು ಇವತ್ತಿಗೂ ಸರಿಯಾಗಿ ಮಾತಾಡುವುದಿಲ್ಲ.

ನಾಲ್ಕನೇ ಸಲ ಹುಲಿಯವರೆಗೆ ಬಂದೆ.

ಏಳನೇ ಬಾಗಿಲಿಗೆ ಒಂದು ಹುಲಿ ಕಾವಲಿದೆ. ಅದನ್ನು ಕೊಂದರೆ ಮಾತ್ರ ದೊರೆಯ ಹಜಾರ. ಆಗ ನನ್ನ ಅಜ್ಜಿ ಪುಟ್ಟಮಾದಮ್ಮ ಪಕ್ಕದಲ್ಲಿ ಕೂತು ಬತ್ತಿ ಹೊಸೆಯುತ್ತಿದ್ದಳು. ಅಜ್ಜಿಗೆ ಆಟದ ಕತೆಯೆಲ್ಲ ಗೊತ್ತಿತ್ತು. ಇಂಗ್ಲಿಷಿನಲ್ಲಿ ಬಂದದ್ದನ್ನು ನಾನು ಕನ್ನಡದಲ್ಲಿ ಹೇಳಬೇಕು, ಅವಳು ಅದರ ಮೇಲೆ ತೀರ್ಪು ಕೊಡಬೇಕು, ಹೀಗೆ ನಡೆದಿತ್ತು. ಹುಲಿ ಕಂಡದ್ದೇ ಅವಳು ಬತ್ತಿ ಕೆಳಗಿಟ್ಟು ಕೈ ಮುಗಿದಳು. ನಮ್ಮದು ಮಾದಪ್ಪನ ಒಕ್ಕಲು. ಮಲೆಯ ಮಾದಪ್ಪ ಹುಲಿಯ ಮೇಲೆ ಕೂತು ಬರುವ ದೇವರು. ನಮ್ಮ ಗೋಡೆಯ ಪಟದಲ್ಲೂ ಹಾಗೇ ಕೂತಿದ್ದಾನೆ.

"ಅದ ಕೊಲ್ಬೇಕಾ?" ಎಂದಳು ಅಜ್ಜಿ.

"ಊ. ಕೊಲ್ದೆ ಇದ್ರ ಒಳಕ್ಕ ಬುಡಕಿಲ್ಲ."

"ಬುಡ್ದೆ ಇದ್ರ ಬ್ಯಾಡ. ಅವ್ರ ಮನಗ ನೀನ್ಯಾಕ ವೋದಯ್."

ಅಷ್ಟರಲ್ಲಿ ನನ್ನ ಕೈ ತಡೆಯದೆ ಒಂದೇಟು ಹಾಕಿಬಿಟ್ಟಿತ್ತು. ಮಾರನೇ ಬೆಳಗ್ಗೆ ನೋಡಿದರೆ ನಮ್ಮ ಕೊಟ್ಟಿಗೆಯಿಂದ ಕರು ಹೋಗಿತ್ತು. ಬೇಲಿಯ ಹತ್ತಿರ ಚಿರತೆಯ ಹೆಜ್ಜೆಯಿತ್ತು. ಅಜ್ಜಿ ನನ್ನನ್ನು ಬೈಯಲಿಲ್ಲ. "ನೀ ವೊಡ್ದಯ್, ಅದು ತಗಂಡೋಯ್ತು. ಸರಿಗ್ ಸರಿ ಆಯ್ತು," ಎಂದಳು. ಕರು ಒಯ್ದದ್ದು ಚಿರತೆ, ಕಂಪ್ಯೂಟರಿನಲ್ಲಿರುವುದು ಹುಲಿ, ಎರಡೂ ಬೇರೆ ಎಂದು ನಾನು ವಾದಿಸಿದೆ. "ಎಲ್ಲಾ ಅವ್ರವ್ರಿಗ ನೆಂಟ್ರೇ ಕಣಮ್ಮಿ," ಎಂದಳು ಅಜ್ಜಿ. ಅವಳನ್ನು ಮಾತಲ್ಲಿ ಗೆದ್ದವರು ಊರಲ್ಲಿ ಯಾರೂ ಇಲ್ಲ. ನನಗೂ ಆ ಕರುವಿನ ಮುಖ ಮರೆಯಲಾಗಲಿಲ್ಲ. ಆಟ ಮತ್ತೆ ಮುಟ್ಟದೆ ಮುಚ್ಚಿಟ್ಟೆ.

ಹೀಗೆ ಮುಚ್ಚಿದ್ದನ್ನು, ಎಲೆ ಅಡಿಕೆ ಬದಲಾದ ಮಾರನೇ ದಿನ ಮತ್ತೆ ತೆರೆದೆ. ಹಳೆಯ ಲೋಕೇಶ್ವಳ ಮೈಯಲ್ಲಿ ಕಸುವಿರಲಿಲ್ಲ, ಮೊದಲಿಂದ ಶುರು ಮಾಡಿದೆ. ಕಂಪ್ಯೂಟರನ್ನು ರಿಪೇರಿಯವನು ಆಗಲೇ ಕೈಬಿಟ್ಟಿದ್ದ. "ಇದ ಅಲ್ಲಾಡಿಸ್ಬೇಡಿ, ಇರೋಗಂಟ ಇರ್ತದ," ಎಂದು ಹಾಸಿಗೆ ಹಿಡಿದವರ ಬಗ್ಗೆ ಹೇಳುವ ಹಾಗೆ ಹೇಳಿ ಹೋಗಿದ್ದ. ಅದನ್ನು ಎತ್ತಿಕೊಂಡು ಹೋಗುವ ಮಾತೇ ಇಲ್ಲ. ಎತ್ತಿಕೊಂಡು ಹೋದರೂ ಹೊಸ ಸೊಸೆ ಹಗಲೆಲ್ಲ ಕತ್ತಿ ಬೀಸುತ್ತ ಕೂತರೆ ಗೆಟ್ಟವಾಡಿಯವರು ಏನೆಂದಾರು. ಮದುವೆಯೊಳಗೆ ಮುಗಿದರೆ ಮುಗಿಯಿತು, ಇಲ್ಲವಾದರೆ ಈ ಜನ್ಮದಲ್ಲಿ ಇಲ್ಲ.

ಅಪ್ಪ ಒಂದು ದಿನ ಬಾಗಿಲಲ್ಲಿ ನಿಂತು ನೋಡಿದ. "ಇದು ಮುಗುದ್ರ ಸರ್ಟಿಫಿಕೇಟ್ ಕೊಟ್ಟರಾ?" ಎಂದು ಕೇಳಿದ.

"ಇಲ್ಲ ಕಣಪ್ಪ."

"ಮತ್ಯಾಕ?"

ಆಮೇಲೆ ಹಸುವಿಗೆ ಹುಲ್ಲು ಹಾಕುವಾಗ ಅದಕ್ಕೆ ಉತ್ತರ ಹೊಳೆಯಿತು. ಹುಟ್ಟಿದಾಗಿನಿಂದ ನಾನು ಮುಗಿಸಿದ ಕೆಲಸವೆಲ್ಲ ಬೇರೆಯವರದು. ಮುದ್ದೆ ಮುಗಿಸಿದರೆ ಉಣ್ಣುವವರದು, ಓದು ಮುಗಿಸಿದರೆ ಗಂಡು ಹುಡುಕುವವರದು. ಯಾರಿಗೂ ಬೇಡವಾದ, ಯಾರ ಹೊಟ್ಟೆಗೂ ಬಟ್ಟೆಗೂ ಆಗದ ಒಂದೇ ಒಂದನ್ನು ನನಗೋಸ್ಕರ ಮುಗಿಸಬೇಕೆನ್ನಿಸಿತ್ತು. ಇದನ್ನು ಅಪ್ಪನಿಗೆ ಹೋಗಿ ಹೇಳಲು ನಾಚಿಕೆಯಾಯಿತು.

ಆ ವರ್ಷ ಕರೆಂಟಿನದೂ ಕಾಟ. ಇ.ಬಿ.ಯವರು ದಿನಾ ಹೊತ್ತು ಗೊತ್ತು ಮಾಡಿ ತೆಗೆಯುತ್ತಿದ್ದರು, ಗೊತ್ತು ಮಾಡದೆಯೂ ತೆಗೆಯುತ್ತಿದ್ದರು. ಕರೆಂಟಿದ್ದಾಗ ಅವ್ವ ಕರೆಯುವಳು, ಅವ್ವ ಸಂತೆಗೆ ಹೋದಾಗ ಕರೆಂಟಿಲ್ಲ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು. ಆದರೂ ಅವ್ವ ಸೀರೆ ಆರಿಸಲು ಹೋದಾಗ ಮೂರನೇ ಬಾಗಿಲು, ಕರೆಯೋಲೆ ಹಂಚಲು ಹೋದಾಗ ಐದನೆಯದು, ಹೀಗೆ ಕದ್ದುಮುಚ್ಚಿ ದಾಟಿದೆ. ನನ್ನ ಮದುವೆಯ ತಯಾರಿಯಲ್ಲಿ ನಾನೊಬ್ಬಳು ಇಲ್ಲದಿದ್ದದ್ದನ್ನು ಯಾರೂ ಗಮನಿಸಲಿಲ್ಲ. ಏಳನೇ ಬಾಗಿಲಿಗೆ ಬಂದು ನಿಂತದ್ದು ಚಪ್ಪರದ ದಿನ, ಅಂದರೆ ಮದುವೆಯ ಹಿಂದಿನ ದಿನ.

ಅಂಗಳದಲ್ಲಿ ಚಪ್ಪರ ಎದ್ದಿತ್ತು. ಮೈಕ್ ಸೆಟ್ಟಿನವನು ನಮ್ಮ ಮನೆಯ ಕರೆಂಟಿನಿಂದಲೇ ವೈರೆಳೆದಿದ್ದರಿಂದ ಹಾಡು ಜೋರಾದಾಗಲೆಲ್ಲ ಕಂಪ್ಯೂಟರಿನ ಪರದೆ ಕುಗ್ಗುತ್ತಿತ್ತು. ಮಧ್ಯಾಹ್ನ ಹೋದ ಕರೆಂಟು ಆಗಷ್ಟೇ ಬಂದಿತ್ತು. ಸಂಜೆ ಮತ್ತೆ ಹೋಗುತ್ತದೆ. ಬಳೆ ಶಾಸ್ತ್ರಕ್ಕೆ ಬಳೆಗಾರ್ತಿ ಬರುವುದು ಇನ್ನೂ ತಡವಿತ್ತು. ನಾನು ಅರಿಸಿನದ ಸೀರೆಯಲ್ಲೇ ಕುರ್ಚಿಗೆ ಕೂತು, ಬಾಗಿಲ ಮುಂದೆ ಆಟ ಉಳಿಸಿದೆ. ಅಜ್ಜಿ ಬಂದು ಪಕ್ಕದಲ್ಲಿ ಕೂತಳು.

"ಚಪ್ಪರ ಆಕಿದ್ ಮನಲಿ ಜೀವ ತಗೀಬಾರ್ದು. ಅದರ್ಲೂ ಮದ್ವಣಗಿತ್ತಿ ಕೈಲಿ," ಎಂದಳು.

"ಮತ್ತೇನ್ ಮಾಡ್ಲಿ ಅಜ್ಜಿ? ನಾಳ ನಾನಿರಕಿಲ್ಲ."

ಅಜ್ಜಿ ಹುಲಿಯ ಕಡೆ ನೋಡಿದಳು. ನನ್ನ ದನಿಯಲ್ಲಿ ಏನೋ ಕೇಳಿಸಿರಬೇಕು. "ಎಡೆ ಇಡು," ಎಂದಳು. "ಮಾದಪ್ಪನ ಉಲಿ ಆಗಿದ್ರ ಎಡೆ ತಗಂಡು ದಾರಿ ಬುಡ್ತದ. ನಮ್ಮಜ್ಜಿ ಕಾಲ್ದಿಂದ್ಲೂ ಅಂಗೇ."

ನಾನು ಅಜ್ಜಿಯ ಮಾತು ಕೇಳಿದೆ. ಯಾಕೆ ಕೇಳಿದೆನೆಂದರೆ, ನನಗೂ ಆ ಹುಲಿಯನ್ನು ಹೊಡೆಯುವ ಮನಸ್ಸಿರಲಿಲ್ಲ. ಲೋಕೇಶ್ವಳ ಚೀಲದಲ್ಲಿ ರೊಟ್ಟಿ, ಜೇನು, ಒಣ ಹಣ್ಣು ಇದ್ದವು. ಬಡಿದಾಟದಲ್ಲಿ ಪೆಟ್ಟು ತಿಂದಾಗ ತಿಂದು ಚೇತರಿಸಿಕೊಳ್ಳಲು ನಾನು ಊರೂರಲ್ಲಿ ಕೂಡಿಟ್ಟದ್ದು. ಅದನ್ನೆಲ್ಲ ಹುಲಿಯ ಮುಂದೆ ಇಟ್ಟೆ. "ಕತ್ತಿ ಇಡ್ಕಂಡು ಯಾರಾರ ಎಡೆ ಇಟ್ಟಾರಾ?" ಎಂದಳು ಅಜ್ಜಿ. ಕತ್ತಿ ಕೆಳಗಿಟ್ಟೆ. "ಕಾಲ್ನಲ್ಲಿ ಮೆಟ್ಟು ಅದಲ್ಲ?" ಲೋಕೇಶ್ವಳ ಕಾಲಲ್ಲಿ ಬೆಂಕಿಯನ್ನೂ ತಡೆಯುವ ಕಬ್ಬಿಣದ ಬೂಟು ಇತ್ತು, ಅದಕ್ಕಾಗಿ ನಾನು ಒಂದು ಗುಹೆಯಲ್ಲಿ ಪಟ್ಟ ಪಾಡು ನನಗೇ ಗೊತ್ತು. ಅದನ್ನೂ ಬಿಚ್ಚಿಸಿದೆ. ಲೋಕೇಶ್ವ ಬರಿಗಾಲಲ್ಲಿ, ಬರಿಗೈಯಲ್ಲಿ, ಹುಲಿಯ ಮುಂದೆ ಭಕ್ತಿಯಿಂದ ನಿಂತಳು. ಅಜ್ಜಿ ಮೆಲ್ಲಗೆ "ಉಘೇ ಮಾದಪ್ಪ" ಎಂದಳು. ಆ ಆಟ ಮಾಡಿದ ಪರದೇಶದವರು ಇಂಥ ಒಂದು ದಿನ ಬಂದೀತೆಂದು ಕನಸಲ್ಲೂ ಎಣಿಸಿರಲಾರರು.

ಹುಲಿ ಮುಂದೆ ಬಂತು. ರೊಟ್ಟಿ ತಿಂದಿತು, ಜೇನು ತಿಂದಿತು, ಹಣ್ಣು ತಿಂದಿತು. ನಾನೂ ಅಜ್ಜಿಯೂ ನೋಡಿದೆವು. ಆಮೇಲೆ ಅದು ಲೋಕೇಶ್ವಳನ್ನು ತಿಂದಿತು.

ಪರದೆ ಕಪ್ಪಾಯಿತು. ಹೊರಗೆ ಮೈಕಿನಲ್ಲಿ ದೇವರ ಹಾಡು ನಡೆದೇ ಇತ್ತು.

ಅಜ್ಜಿಗೆ ಬೇಜಾರಾಯಿತೆಂದುಕೊಂಡು ನಾನೇ ಸಮಾಧಾನ ಹೇಳಲು ಬಾಯಿ ತೆರೆದೆ. ಅವಳು ಕೈಯೆತ್ತಿ ತಡೆದಳು.

"ಎಡೆ ತಿಂದು, ಎಡೆ ಇಟ್ಟವಳ್ನೂ ತಿಂತಲ್ಲ. ಇದು ಮಾದಪ್ಪನ್ ಉಲಿ ಅಲ್ಲ ಕಣಮ್ಮಿ," ಎಂದಳು. "ಪೀಡೆ. ವೊಡಿ."

"ಚಪ್ಪರ ಅದಲ್ಲಜ್ಜಿ."

"ಪೀಡೆ ಕಳಿಯಕ್ಕ ಚಪ್ಪರ ಅಡ್ಡ ಬರಕಿಲ್ಲ. ಮೊದ್ಲು ಮೆಟ್ಟು ಆಕ."

ಬಾಗಿಲ ಮುಂದೆ ಉಳಿಸಿದ್ದ ಆಟ ತೆರೆದೆ. ಬೂಟಿತ್ತು, ಕತ್ತಿಯಿತ್ತು, ಚೀಲದಲ್ಲಿ ರೊಟ್ಟಿ ಜೇನು ಎಲ್ಲ ಹಾಗೇ ಇದ್ದವು. ಹೊಡೆದೆ. ಹುಲಿ ಸುಲಭಕ್ಕೆ ಬೀಳಲಿಲ್ಲ. ಅಜ್ಜಿ ಪಕ್ಕದಲ್ಲಿ, "ತಿಂದದ್ದ ಕಕ್ಸು," "ಬಾಲದ್ ಕಡಿಂದ ವೋಗು," ಎಂದು ಹೇಳಿಕೊಡುತ್ತಿದ್ದಳು. ನಾವಿಟ್ಟ ಎಡೆಯನ್ನು ಅದು ತಿಂದದ್ದು ಅವಳಿಗೆ ಬಹಳ ಸಿಟ್ಟು ತರಿಸಿತ್ತು. ಕೊನೆಗೆ ಹುಲಿ ಉರುಳಿತು. ಅಜ್ಜಿ ಯಾವುದಕ್ಕೂ ಇರಲಿ ಎಂದು ಗೋಡೆಯ ಪಟಕ್ಕೆ ಒಂದು ಸಲ ಕೈ ಮುಗಿದಳು.

ಬಾಗಿಲು ತೆರೆಯಿತು. ಲೋಕೇಶ್ವ ಒಳಗೆ ಕಾಲಿಟ್ಟದ್ದೇ ಹಿಂದೆ ಮುಚ್ಚಿತು. ದೊರೆ ಗದ್ದುಗೆಯಿಂದ ಎದ್ದ. ಉಳಿಸಲು ಪುರುಸೊತ್ತು ಕೊಡದೆ ಬಡಿದಾಟ ಶುರುವಾಯಿತು. ಆಗಲೇ ಹೊರಗೆ ಬಳೆಗಾರ್ತಿ ಪುಟ್ಟನಂಜಮ್ಮನ ದನಿ ಕೇಳಿಸಿತು.

ಬಳೆ ಶಾಸ್ತ್ರದಲ್ಲಿ ಮೊದಲ ಬಳೆ ಮದುವಣಗಿತ್ತಿಯ ಕೈಗೆ. ಅವಳಿಗೆ ತೊಡಿಸದೆ ಬೇರೆ ಯಾವ ಹೆಂಗಸೂ ತೊಡಿಸಿಕೊಳ್ಳುವಂತಿಲ್ಲ. ಅಂಗಳದಲ್ಲಿ ಹೆಂಗಸರು ಕೂತು ಕೈ ಚಾಚಲು ಸಿದ್ಧವಾಗಿರುವುದು, ಬಳೆಯ ಮಲಾರ ಬಿಚ್ಚುವುದು, ಎಲ್ಲ ಸದ್ದಿನಲ್ಲೇ ತಿಳಿಯುತ್ತಿತ್ತು. ದೊರೆ ನನ್ನ ಮೇಲೆ ಬೆಂಕಿ ಉಗುಳುತ್ತಿದ್ದ. ನಾನು ರೊಟ್ಟಿ ತಿನ್ನುತ್ತ, ಹೊಡೆಯುತ್ತ, ಹಿಂದೆ ಸರಿಯುತ್ತ ಇದ್ದೆ. ನನ್ನ ಕಿವಿ ಮಾತ್ರ ಬಾಗಿಲ ಕಡೆಗೇ ಇತ್ತು. ಈಗ ಅವ್ವ ಕರೆಯುತ್ತಾಳೆ. ಕರೆದರೆ ಏಳುತ್ತೇನೆ. ನನಗೆ ನನ್ನ ಮೇಲೆ ನಂಬಿಕೆಯಿರಲಿಲ್ಲ.

ಅವ್ವ ಬಂದಳು. ಕೂಗಲಿಲ್ಲ, ಬಾಗಿಲಿಗೇ ಬಂದು ನಿಂತಳು. ಅವಳ ಸೆರಗಿನ ಸದ್ದು ಕೇಳಿದ ಕೂಡಲೇ ನನ್ನ ಕೈ ತಾನಾಗಿಯೇ ಮೌಸು ಬಿಟ್ಟಿತು. ಅರ್ಧ ಎದ್ದೆ. ಪರದೆಯ ಮೇಲೆ ಲೋಕೇಶ್ವ ಸುಮ್ಮನೆ ನಿಂತು ಪೆಟ್ಟು ತಿಂದಳು.

"ವಸಿ ತಡಿ," ಎಂದಳು ಅಜ್ಜಿ, ಅವ್ವನ ಕಡೆ ತಿರುಗದೆ. "ಅವ್ಳು ಒಳಕ್ಕ ವೋಗವ್ಳ."

ಅವ್ವ ಪರದೆ ನೋಡಿದಳು. ಅದಕ್ಕೆ ಮುಂಚೆ ಅವಳು ಅದನ್ನು ಕಣ್ಣಿಟ್ಟು ನೋಡಿದ್ದೇ ಇಲ್ಲ. ಆಮೇಲೆ ನನ್ನನ್ನು ನೋಡಿದಳು, ಅರ್ಧ ಎದ್ದು ಅರ್ಧ ಕೂತಿದ್ದ ನನ್ನ ಸೊಂಟವನ್ನು ನೋಡಿದಳು.

"ಕೂತ್ಕ," ಎಂದಳು ಅವ್ವ. ಬಾಗಿಲು ಮುಂದಕ್ಕೆ ಎಳೆದುಕೊಂಡು ಹೋದಳು.

ನಾನು ಕೂತು ಮೌಸು ಹಿಡಿದೆ. ಹೊರಗೆ ಪುಟ್ಟನಂಜಮ್ಮ, "ಉಡ್ಗಿ ಎಲ್ಲವ್ವ?" ಎಂದು ಕೇಳಿದಳು. ಯಾರೋ ನೆಂಟರು, "ಒತ್ತಾಯ್ತದ, ಕರೀರಿ," ಎಂದರು. ಅವ್ವನ ದನಿ ಬಂತು. ಏರುದನಿಯೇನಲ್ಲ, ನೀರು ಕಾಯುತ್ತಿದೆ ಎನ್ನುವಷ್ಟೇ ಸಹಜ.

"ಒಳಗ ಕೆಲ್ಸ ಮಾಡ್ತಾ ಅವ್ಳ. ಮುಗಿಸ್ಕಂಡು ಬತ್ತಾಳ. ಕಾಯಿರಿ."

ಇಷ್ಟು ವರ್ಷ ಅವ್ವನ ಬಾಯಲ್ಲಿ ಅದು ಹಾಳು ಆಟ. ಕೆಲಸ ಎಂದದ್ದು ಇದೇ ಮೊದಲು. ನನಗೆ ಪರದೆ ಮಸುಕಾಯಿತು, ಮೈಕ್ ಸೆಟ್ಟಿನಿಂದಲ್ಲ. ಸೆರಗಿನಲ್ಲಿ ಕಣ್ಣೊರೆಸಿಕೊಂಡು ಹೊಡೆದೆ. ರೊಟ್ಟಿ ಮುಗಿಯಿತು. ಜೇನು ಮುಗಿಯಿತು. ಅಂಗಳದ ತುಂಬ ಹೆಂಗಸರು ಬರಿಗೈಯಲ್ಲಿ ಕೂತು ಕಾಯುತ್ತಿದ್ದರು, ಯಾತಕ್ಕೆಂದು ಅವರಿಗೆ ಗೊತ್ತಿಲ್ಲ. ಲೋಕೇಶ್ವಳ ಜೀವ ಒಂದು ಎಳೆಯಷ್ಟು ಉಳಿದಿದ್ದಾಗ ದೊರೆ ಮಂಡಿಯೂರಿದ. ಇನ್ನೊಂದು ಏಟಿಗೆ ಬಿದ್ದ. ಮತ್ತೆ ಏಳಬಹುದೆಂದು ಕಾದೆ. ಏಳಲಿಲ್ಲ.

ಆಮೇಲೆ ಲೋಕೇಶ್ವ ತನ್ನ ಹಳ್ಳಿಗೆ ನಡೆದು ಹೋದಳು. ಊರವರು ಮನೆ ಬಾಗಿಲುಗಳಿಗೆ ಬಂದು ನೋಡಿದರು. ಯಾರೂ ಹಾರ ಹಾಕಲಿಲ್ಲ. ಕತೆ ಮುಗಿಯಿತು ಎಂದು ಇಂಗ್ಲಿಷಿನಲ್ಲಿ ಬಂತು. ಹಿಂದೆಯೇ ಸಾಲು ಸಾಲು ಹೆಸರುಗಳು ಮೇಲಕ್ಕೆ ಹೋಗತೊಡಗಿದವು.

"ಇವ್ರೆಲ್ಲಾ ಯಾರು?" ಎಂದಳು ಅಜ್ಜಿ. "ಮುಯ್ಯಿ ಆಕದವ್ರಾ?"

"ಆಟ ಮಾಡದವ್ರು ಕಣಜ್ಜಿ."

"ಸುಮಾರ್ ಜನ ಅವ್ರ," ಎಂದು ಅಜ್ಜಿ ಮತ್ತೆ ಬತ್ತಿ ಕೈಗೆತ್ತಿಕೊಂಡಳು. ಹೆಸರುಗಳು ಇನ್ನೂ ಮುಗಿದಿರಲಿಲ್ಲ, ಕರೆಂಟು ಹೋಯಿತು. ಹೊರಗೆ ಮೈಕೂ ನಿಂತಿತು.

ನಾನು ಅಂಗಳಕ್ಕೆ ಬಂದಾಗ ಮುಖವೆಲ್ಲ ನೀರಾಗಿತ್ತು, ತಡೆಯಲು ಆಗಲಿಲ್ಲ. ಖುಷಿಗೋ, ಮುಗಿದುಹೋಯಿತೆಂಬುದಕ್ಕೋ, ಅವ್ವ ಕರೆಯದೆ ಹೋದದ್ದಕ್ಕೋ, ಎಲ್ಲ ಸೇರಿ ಬಂದಿತ್ತು. ಮದುವಣಗಿತ್ತಿ ಅತ್ತುಕೊಂಡು ಬಂದರೆ ಹೆಂಗಸರು ಬೇರೇನು ತಿಳಿದುಕೊಂಡಾರು. ಹಾಸನೂರಿನ ಚಿಕ್ಕಮ್ಮ ಮೊದಲು ಶುರು ಮಾಡಿದಳು. ಅವಳನ್ನು ನೋಡಿ ನಂಜನ ತಾಯಿ ನಮ್ಮತ್ತೆ. ಅತ್ತೆಯನ್ನು ನೋಡಿ ಉಳಿದವರು. ಚಪ್ಪರದಡಿ ಎಲ್ಲರೂ ಅತ್ತರು. "ಅಳ್ಬೇಡ ಕಣವ್ವ, ಗೆಟ್ಟವಾಡಿ ಏನ್ ದೂರ್ವಾ," ಎಂದು ಪುಟ್ಟನಂಜಮ್ಮ ತಾನೂ ಮೂಗೊರೆಸಿಕೊಂಡಳು.

ಅವ್ವ ಅಳುತ್ತಿರಲಿಲ್ಲ. ನನ್ನನ್ನು ಚಾಪೆಯ ಮೇಲೆ ಕೂರಿಸಿ, ಕೂದಲು ಸರಿಮಾಡುವವಳಂತೆ ನನ್ನ ಕಿವಿಗೆ ಬಾಗಿದಳು.

"ಸತ್ತನಾ?"

"ಸತ್ತ ಕಣವ್ವ."

"ಸರಿ," ಎಂದು ಅವ್ವ ನನ್ನ ಕೈ ಎತ್ತಿ ಬಳೆಗಾರ್ತಿಗೆ ಕೊಟ್ಟಳು.